ಆ ಭಾನುವಾರ ಕಣಕ್ಕೆ ಬಂದವರಿಗೆ

2025ರ ಮೇ 4ರ ಭಾನುವಾರ ಸಂಜೆ ಕಾಫಿ ಒಣಗಿಸುವ ಕಣದಲ್ಲಿ ಕಸ್ತೂರಿರಂಗನ್ ಅವರ ನೆನಪಿಗೆ ಸೇರಿದ ಎಲ್ಲರಿಗೂ ನಮಸ್ಕಾರ. ಹೆಚ್ಚೆಂದರೆ ಹದಿನೈದು ಜನ ಬರಬಹುದು ಅಂದುಕೊಂಡು ಇಪ್ಪತ್ತು ಲೋಟ ತಂದಿದ್ದೆ. ಎಂಬತ್ತರ ಹತ್ತಿರ ಜನ ಬಂದಿರಿ. ಲೋಟ ತೊಳೆದು ತೊಳೆದು ಬೆಲ್ಲದ ಕಾಫಿ ಕೊಟ್ಟ ನಾಲ್ವರು ಹುಡುಗಿಯರಿಗೆ ಮೊದಲ ಥ್ಯಾಂಕ್ಸ್. ಭಾಷಣಕ್ಕಿಂತ ಆ ಕಾಫಿಯೇ ಚೆನ್ನಾಗಿತ್ತು ಅಂತ ಮೂರು ಜನ ಹೇಳಿದ್ದಾರೆ. ಭಾಷಣ ಮಾಡಿದವಳು ನಾನೇ.

ಹೊರಗಿನವರಿಗೆ ಇದರಲ್ಲಿ ವಿಶೇಷ ಏನೂ ಕಾಣಲಿಕ್ಕಿಲ್ಲ. ಇಸ್ರೋದ ಅಧ್ಯಕ್ಷರಾಗಿದ್ದ ವಿಜ್ಞಾನಿ ತೀರಿಕೊಂಡರು, ಊರಿನವರು ಸೇರಿ ಕೈ ಮುಗಿದರು, ಅಷ್ಟೇ ಅಲ್ವಾ? ಆದರೆ ನಮ್ಮ ಕೊಡಗಿನಲ್ಲಿ ಆ ಹೆಸರು ಹೇಳಿದರೆ ರಾಕೆಟ್ ಯಾರಿಗೂ ನೆನಪಾಗುವುದಿಲ್ಲ. ಘಟ್ಟದ ಯಾವ ಜಾಗ ಪರಿಸರ ಸೂಕ್ಷ್ಮ ಅಂತ ಗುರುತಿಸಿ ಅವರ ಸಮಿತಿ ಕೊಟ್ಟ 2013ರ ಪಶ್ಚಿಮ ಘಟ್ಟದ ವರದಿ ನೆನಪಾಗುತ್ತದೆ. ಬಂದ್, ರಸ್ತೆ ತಡೆ, ಧಿಕ್ಕಾರ ನೆನಪಾಗುತ್ತದೆ. ಆಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಎಂಟನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತು, "ಟೀಚರ್, ಕಸ್ತೂರಿರಂಗನ್ ಅಂದ್ರೆ ಕಾನೂನಾ, ಮನುಷ್ಯನಾ?" ಅಂತ ಕೇಳಿದ್ದ. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಉತ್ತರ ಮಾತ್ರ ಕೊಡಲಿಲ್ಲ. ಅವತ್ತು ಹೊರಗೆ ರಸ್ತೆಯಲ್ಲಿ ಅವನ ಅಪ್ಪನೇ ಘೋಷಣೆ ಕೂಗುತ್ತಿದ್ದರು.

ಹನ್ನೆರಡು ವರ್ಷ ಆ ಉತ್ತರ ನನ್ನ ಹತ್ತಿರವೇ ಉಳಿದಿತ್ತು.

ಈ ಬೇಸಿಗೆ ರಜೆಯಲ್ಲಿ ಪಂಚಾಯಿತಿ ಲೈಬ್ರರಿಗೆ ಬರುವ ಮಕ್ಕಳು ರಟ್ಟಿನಲ್ಲಿ ಆರ್ಯಭಟ ಉಪಗ್ರಹ ಮಾಡಿದ್ದರು. ಅದು ಹಾರಿ ಏಪ್ರಿಲ್ 19ಕ್ಕೆ 50 ವರ್ಷ ತುಂಬಿತ್ತು. 26 ಮುಖ ಅದಕ್ಕೆ. ಅಂಟಿಸುವಷ್ಟರಲ್ಲಿ ಎರಡು ಬಾಟಲಿ ಗೋಂದು ಖಾಲಿ. ಅದನ್ನು ಲೈಬ್ರರಿಯ ಜಂತಿಗೆ ನೇತುಹಾಕಿ ಆರು ದಿನ ಆಗಿತ್ತು. ಶುಕ್ರವಾರ, 25ನೇ ತಾರೀಕು, ಬೆಂಗಳೂರಿನ ಮನೆಯಲ್ಲಿ ಕಸ್ತೂರಿರಂಗನ್ ತೀರಿಕೊಂಡರು ಅಂತ ಸುದ್ದಿ ಬಂತು. 84 ವರ್ಷ ಆಗಿತ್ತು. ಮಕ್ಕಳು ಮೇಲೆ ನೋಡಿ, "ಇದನ್ನು ಮಾಡಿದವರಾ?" ಅಂತ ಕೇಳಿದರು. ಅಲ್ಲ, ಇದರ ನಂತರದ ಭಾಸ್ಕರ ಉಪಗ್ರಹಗಳ ಯೋಜನೆಯ ಮುಖ್ಯಸ್ಥರು ಅಂದೆ. ಈ ಸಲ ಉತ್ತರ ಕೊಟ್ಟೆ.

ಸಭೆ ಮಾಡೋಣ ಅಂತ ವಾಟ್ಸಾಪಿನಲ್ಲಿ ಹಾಕಿದ ಅರ್ಧ ಗಂಟೆಯೊಳಗೆ ಫೋನ್ ಬಂತು. "ಟೀಚರೇ, ಬಾಣೆ (ಗದ್ದೆಗೆ ಸೇರಿದ ಮರಗಾಡಿನ ಜಮೀನು) ಉಳಿಸೋಕೆ ನಾವು ರಸ್ತೆಯಲ್ಲಿ ಕೂತಿದ್ದು ಮರೆತುಹೋಯ್ತಾ?" ಮರೆತಿಲ್ಲ ಅಣ್ಣ, ಅವತ್ತು ಬಸ್ಸಿಲ್ಲದೆ ಐದು ಕಿಲೋಮೀಟರ್ ನಡೆದಿದ್ದೇನೆ ಅಂದೆ. ಫೋನ್ ಇಟ್ಟರು. ಮರುದಿನ ಬೆಳಿಗ್ಗೆ ಅದೇ ಅಣ್ಣ ಸ್ಕೂಟರಿನಲ್ಲಿ ಬಂದರು. "ಲೈಬ್ರರಿಯಲ್ಲಿ ಜಾಗ ಸಾಲಲ್ಲ. ಮೆಣಸು ಒಣಗಿಸಿ ಆಯ್ತು, ನಮ್ಮ ಕಣ ಖಾಲಿ ಇದೆ. ಬೈಯೋರಿಗೂ ನಿಲ್ಲೋಕೆ ಜಾಗ ಬೇಕಲ್ವಾ" ಅಂದರು. ಅಣ್ಣಾ, ನಿಮಗೆ ಏನಂತ ಹೇಳಲಿ? ಕಣ ಕೊಟ್ಟಿರಿ, ಗುಡಿಸಿ ಕೊಟ್ಟಿರಿ, ಗೋಡೌನಿನಿಂದ ಬೆಂಚು ಹೊರಿಸಿದಿರಿ. ಕೊನೆಗೆ ಮುಂದಿನ ಸಾಲಿನಲ್ಲಿ ಕೈ ಕಟ್ಟಿಕೊಂಡು ಕೂತಿರಿ. ಅದನ್ನು ನೋಡಿ ನನಗೆ ಮೊದಲ ಹತ್ತು ನಿಮಿಷ ಗಂಟಲು ಒಣಗಿತ್ತು.

ಒಂದು ತಪ್ಪೊಪ್ಪಿಗೆ. ನಾವು ಮಾಡಿಸಿದ ಫ್ಲೆಕ್ಸಿನಲ್ಲಿ ಹೆಸರು ಸರಿ ಇತ್ತು, ಫೋಟೋ ಇಸ್ರೋದ ಇನ್ನೊಬ್ಬ ಅಧ್ಯಕ್ಷರದ್ದು! ಅಂಗಡಿಯವನು ಫೋನಿನಲ್ಲಿ ಹುಡುಕಿ ಹಾಕಿದ್ದ, ನಾನು ಕನ್ನಡಕ ಇಲ್ಲದೆ ಒಪ್ಪಿಗೆ ಕೊಟ್ಟಿದ್ದೆ. ಹಿಂದಿನ ರಾತ್ರಿ ಅದನ್ನು ಕಂಡುಹಿಡಿದು, ಸರಿಯಾದ ಫೋಟೋವನ್ನು ಎ-4 ಹಾಳೆಗಳಲ್ಲಿ ಪ್ರಿಂಟ್ ತೆಗೆದು ಮೇಲೆ ಅಂಟಿಸಿದ ಡಿಗ್ರಿ ಹುಡುಗ ಇಲ್ಲದಿದ್ದರೆ ನಾನು ಊರು ಬಿಡಬೇಕಿತ್ತು.

ಪ್ರೊಜೆಕ್ಟರ್ ತಂದವರಿಗೆ ಥ್ಯಾಂಕ್ಸ್ ಹೇಳಬೇಕು, ಆದರೆ ಅದು ಏಳು ನಿಮಿಷ ಮಾತ್ರ ಓಡಿತು. ಎರಡು ಸಲ ಗುಡುಗಿತು, ಕರೆಂಟ್ ಹೋಯಿತು. ಅಷ್ಟರಲ್ಲಿ 1940ರಲ್ಲಿ ಎರ್ನಾಕುಲಂನಲ್ಲಿ ಹುಟ್ಟಿದ್ದು, ಅಹಮದಾಬಾದಿನಲ್ಲಿ ಪಿಎಚ್.ಡಿ., 1994ರಿಂದ 2003ರವರೆಗೆ ಇಸ್ರೋದ ಅಧ್ಯಕ್ಷರಾಗಿದ್ದುದು, ಇಷ್ಟು ತೋರಿಸಿದ್ದೆ. ಇನ್ನೂ ಮೂವತ್ತು ಚಿತ್ರ ಬಾಕಿ. ಸುಮ್ನೆ ನಿಂತೆ. ಆಗ ಯಾರೋ ಹಿಂದಿನಿಂದ, "ಟೀಚರೇ, ಬೋರ್ಡ್ ಇಲ್ಲದಿದ್ರೆ ಏನಂತೆ, ಕಣ ಇದೆಯಲ್ಲಾ" ಅಂದರು. ದನಿ ನನ್ನ ಹಳೇ ವಿದ್ಯಾರ್ಥಿಯದೇ ಇರಬೇಕು. ಯಾರಾದರೂ ಸರಿ, ಅವರ ಬಾಯಿಗೆ ಸಕ್ಕರೆ ಹಾಕಬೇಕು.

ಸುಣ್ಣದ ಪುಡಿ ಬಂತು, ಅಳತೆಯ ಟೇಪು ಬಂತು, ಟಾರ್ಪಾಲು ಕಟ್ಟುವ ಹಗ್ಗ ಬಂತು. ಉಪಗ್ರಹದ ಚಿತ್ರ ಅಂದರೆ ಚುಕ್ಕಿಗಳ ರಂಗೋಲಿ ಇದ್ದ ಹಾಗೆ ಅಂತ ಶುರು ಮಾಡಿದೆ. ಒಂದು ಚುಕ್ಕಿಯೊಳಗೆ ಏನೇನಿದೆಯೋ ಅದೆಲ್ಲ ಸೇರಿ ಒಂದೇ ಬಣ್ಣ. 1979ರಲ್ಲಿ ಹಾರಿದ ಭಾಸ್ಕರದ ಕ್ಯಾಮೆರಾಕ್ಕೆ ಒಂದು ಚುಕ್ಕಿ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ನಮ್ಮ ಬಸ್‌ಸ್ಟ್ಯಾಂಡಿನಿಂದ ಸ್ಕೂಲಿನವರೆಗೆ ಎಲ್ಲವೂ ಒಂದೇ ಚುಕ್ಕಿ. 1988ರ ಐಆರ್‌ಎಸ್-1ಎ ಉಪಗ್ರಹದ ಹೊತ್ತಿಗೆ ಅದು 72.5 ಮೀಟರಿಗೆ ಇಳಿಯಿತು, ಇನ್ನೊಂದು ಕ್ಯಾಮೆರಾದಲ್ಲಿ ಅದರ ಅರ್ಧಕ್ಕೆ. 1995ರ ಡಿಸೆಂಬರಿನಲ್ಲಿ ಹಾರಿದ ಐಆರ್‌ಎಸ್-1ಸಿಯಲ್ಲಿ 5.8 ಮೀಟರ್. ಸೈನ್ಯದ ಉಪಗ್ರಹಗಳನ್ನು ಬಿಟ್ಟರೆ ಆಗ ಇಡೀ ಪ್ರಪಂಚದಲ್ಲೇ ಅಷ್ಟು ಚೂಪಾದ ಕಣ್ಣು ಇನ್ನೊಂದಿರಲಿಲ್ಲ. ಒಬ್ಬ ಮನುಷ್ಯನ ಕೆಲಸದ ಜೀವನದಲ್ಲಿ ಕಿಲೋಮೀಟರಿನಿಂದ ಕಣದ ಮೂಲೆಯವರೆಗೆ! ಸುಣ್ಣದಲ್ಲಿ 5.8 ಮೀಟರಿನ ಚೌಕ ಹಾಕಿದೆವು. ಬಂದವರಲ್ಲಿ ಅರ್ಧದಷ್ಟು ಜನ ಅದರೊಳಗೆ ನಿಂತರು, ಮಕ್ಕಳು ಕುಣಿದರು.

ಆಮೇಲೆ ಹಗ್ಗ. ಪಶ್ಚಿಮ ಘಟ್ಟದ ವರದಿಗೆ ಬಳಸಿದ ಚಿತ್ರಗಳ ಚುಕ್ಕಿ 24 ಮೀಟರ್. ಅದನ್ನು ಎಳೆಯುವಾಗ ಹಗ್ಗ ಕಣ ದಾಟಿ ಹೋಯಿತು. ಒಂದು ಮೂಲೆ ಅಡುಗೆಮನೆಯ ಸೌದೆ ರಾಶಿಗೆ ತಾಗಿತು, ಇನ್ನೊಂದು ಮೂಲೆ ಕಾಫಿ ಗಿಡಗಳ ಒಳಗೆ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದ ಬುಡಕ್ಕೆ. ಕಣದ ಅಣ್ಣ ಎದ್ದು ಬಂದು ಹಗ್ಗದ ಸುತ್ತ ಒಂದು ಸುತ್ತು ನಡೆದರು. "ಇಷ್ಟೆಲ್ಲಾ ಸೇರಿ ಒಂದು ಚುಕ್ಕೀನಾ?" ಅಂದರು. ಹೌದು ಅಂದೆ. "ಹಾಗಾದ್ರೆ ನಾವು ಹೇಳಿದ್ದೂ ಅದೇ ಅಲ್ವಾ? ಮೇಲಿಂದ ನೋಡಿದ್ರೆ ನೆರಳು ಮರದ ಕೆಳಗಿನ ತೋಟವೂ ಕಾಡೇ." ಯಾರೋ ಚಪ್ಪಾಳೆ ಹೊಡೆದರು. ಶ್ರದ್ಧಾಂಜಲಿ ಸಭೆಯಲ್ಲಿ ಚಪ್ಪಾಳೆ!

ನಾನು ಅಲ್ಲಿಗೇ ಬಿಡಲಿಲ್ಲ, ಹಳೇ ಚಾಳಿ. ವರದಿಯಲ್ಲಿ ಊರು, ಗದ್ದೆ, ತೋಟ ಇರುವ ಜಾಗವನ್ನು ಕಾಡಿನಿಂದ ಬೇರೆ ಮಾಡುವ ಪ್ರಯತ್ನ ಇದೆ. ಇಡೀ ಘಟ್ಟದಲ್ಲಿ ಸುಮಾರು 37 ಶೇಕಡಾವನ್ನಷ್ಟೇ ಸೂಕ್ಷ್ಮ ಪ್ರದೇಶ ಅಂದಿದ್ದರು. ಗಣಿ, ಕಲ್ಲು ಕ್ವಾರಿ, ಮರಳು, ಉಷ್ಣ ವಿದ್ಯುತ್ ಸ್ಥಾವರ, ತುಂಬಾ ದೊಡ್ಡ ಕಟ್ಟಡ, ಇವು ಬೇಡ ಅಂದಿದ್ದರು. ಕಾಫಿ ಕಿತ್ತುಹಾಕಿ ಅಂದಿರಲಿಲ್ಲ. ಆದರೆ ಹಳ್ಳಿಯ ಐದರಲ್ಲಿ ಒಂದು ಪಾಲು ಸೂಕ್ಷ್ಮ ಅಂತ ಕಂಡರೆ ಇಡೀ ಹಳ್ಳಿ ಪಟ್ಟಿಗೆ ಬರುತ್ತಿತ್ತು. ಜಗಳ ಇದ್ದದ್ದು ಅಲ್ಲಿ, ಮತ್ತು ಅದು ಸುಳ್ಳು ಜಗಳ ಅಲ್ಲ. ನನಗೂ ಅದು ಪೂರ್ತಿ ಒಪ್ಪಿಗೆ ಇಲ್ಲ. ಇದನ್ನು ಅವರ ಫೋಟೋದ ಮುಂದೆ ನಿಂತೇ ಹೇಳಿದೆ. ಅವರು ಕರಡು ಮಾಡಿದ ಶಿಕ್ಷಣ ನೀತಿಯ ಮೇಲೂ ನನಗೆ ತಕರಾರಿದೆ, ಅದನ್ನು ಹೇಳಲು ಹೊತ್ತಿರಲಿಲ್ಲ.

ಎರಡು ನಿಮಿಷ ಮೌನಕ್ಕೆ ಎಲ್ಲರೂ ಎದ್ದು ನಿಂತಿರಿ. ಮದುವೆ ಊಟ ಮುಗಿಸಿ ಕೊಡವ ಉಡುಪು ಕುಪ್ಯ ಚೇಲೆಯಲ್ಲೇ ಬಂದಿದ್ದ ಇಬ್ಬರು, ತೋಟದ ಕೆಲಸಗಾರರ ಲೈನ್ ಮನೆಯಿಂದ ಬಂದಿದ್ದ ಅಸ್ಸಾಮಿನ ಹುಡುಗರು, 2018ರ ಆಗಸ್ಟಿನಲ್ಲಿ ಮನೆ ಗುಡ್ಡದ ಜೊತೆ ಹೋದ ಮೇಲೆ ನಮ್ಮೂರಿಗೆ ಬಂದು ನೆಲೆಸಿದ ಆ ಅಕ್ಕ ಮತ್ತು ಮಗಳು, ಎಲ್ಲರೂ. ಅಕ್ಕ ಏನೂ ಮಾತಾಡಲಿಲ್ಲ. ಹೊರಡುವಾಗ ಹಗ್ಗ ಸುತ್ತಿ ಕೊಟ್ಟು ಹೋದರು.

ಏಪ್ರಿಲ್ 27ರಂದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅಂತಿಮ ದರ್ಶನಕ್ಕೆ ಇಟ್ಟಿದ್ದಾಗ ನಮ್ಮೂರಿನ ಪರವಾಗಿ ಹೋಗಿ ಬಂದವನಿಗೂ ಥ್ಯಾಂಕ್ಸ್. ಅವನು ಯಾರು ಅಂತ ಕೇಳುತ್ತೀರಾ? ಎಂಟನೇ ಕ್ಲಾಸಿನಲ್ಲಿ ಆ ಪ್ರಶ್ನೆ ಕೇಳಿದವನೇ. ಈಗ ಬೆಂಗಳೂರಿನಲ್ಲೇ ಕೆಲಸದಲ್ಲಿದ್ದಾನೆ. ಅವತ್ತು ಮಧ್ಯಾಹ್ನ ಫೋನ್ ಮಾಡಿ, "ಹೋಗಿ ಬಂದೆ ಟೀಚರ್. ಅಪ್ಪನಿಗೂ ಹೇಳಿದೆ" ಅಂದ. ಅಪ್ಪ ಏನಂದರು ಅಂತ ಕೇಳಿದೆ. "ನಮ್ಮ ಕಣ ಕೊಡ್ತೀನಿ ಅಂತ ನಿಮಗೆ ಆಗಲೇ ಹೇಳಿದ್ದಾರಂತಲ್ಲ" ಅಂದ.

ಲೆಕ್ಕ: ಬೆಲ್ಲ, ಕಾಫಿಪುಡಿ, ಹಪ್ಪಳ, ಫ್ಲೆಕ್ಸ್ ಎಲ್ಲಾ ಸೇರಿ ಖರ್ಚು ಕಳೆದು 640 ರೂಪಾಯಿ ಉಳಿದಿದೆ. ಲೈಬ್ರರಿಗೆ ಒಂದು ಅಟ್ಲಾಸ್ ತರುತ್ತೇವೆ. ಸಭೆ ಮುಗಿಯುವಷ್ಟರಲ್ಲಿ ಬಂದ ಮಳೆಗೆ ಸುಣ್ಣದ ಚೌಕ ಅರ್ಧ ತೊಳೆದುಹೋಗಿದೆ, ಕಣ ಮತ್ತೆ ಗುಡಿಸಲು ಯಾರೂ ಬರಬೇಕಾಗಿಲ್ಲ ಅಂತ ಅಣ್ಣ ಹೇಳಿದ್ದಾರೆ. ಆದರೆ ಗೋಡೌನಿನಲ್ಲಿ ಮೂರು ಕೊಡೆ, ಒಂದು ಸ್ಟೀಲ್ ಟಿಫಿನ್ ಕ್ಯಾರಿಯರ್ ಮತ್ತು ಮಗುವಿನ ಎಡಗಾಲಿನ ಚಪ್ಪಲಿ ಉಳಿದಿದೆ. ದಯವಿಟ್ಟು ಈ ವಾರದೊಳಗೆ ತೆಗೆದುಕೊಂಡು ಹೋಗಿ.