ಮಕ್ಕಳು ಅಳೆದ ಭೂಕಂಪನದ ಅಂಕಿಗಳ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಕಳೆದ ವಾರದ ಲಘು ಭೂಕಂಪನವನ್ನು ಶಾಲೆಯ ಕಂಪನಮಾಪಕದಲ್ಲಿ ದಾಖಲಿಸಿದ ಒಂಬತ್ತನೇ ತರಗತಿಯ ಮಕ್ಕಳಿಗೆ ಅದರ ತೀವ್ರತೆಗೆ ಬಂದ ಉತ್ತರ 3.1; ಅಧಿಕೃತ ಪ್ರಕಟಣೆಯಲ್ಲಿದ್ದದ್ದು 2.8. ಕಂಪನ ಹುಟ್ಟಿದ ಸ್ಥಾನದಲ್ಲೂ ಕೆಲವು ಕಿಲೋಮೀಟರ್ ಅಂತರವಿತ್ತು. ಶಾಲೆ ತಪ್ಪು ಕಲಿಸುತ್ತಿದೆ ಎಂದು ಕೆಲವರೂ, ಅಧಿಕಾರಿಗಳು ನಿಜ ಮುಚ್ಚಿಟ್ಟಿದ್ದಾರೆ ಎಂದು ಇನ್ನು ಕೆಲವರೂ ನನಗೆ ಹೇಳಿದ್ದೀರಿ. ತಮ್ಮ ಕಳವಳ ಸಹಜವೇ ಆದರೂ ಎರಡೂ ಮಾತನ್ನು ನಾನು ಒಪ್ಪಲಾರೆ.

ಭೂಕಂಪನದ ಪಿ ಅಲೆ ಮೊದಲು ಬರುತ್ತದೆ, ನಿಧಾನಗತಿಯ ಎಸ್ ಅಲೆ ಅದರ ಹಿಂದೆ. ಹತ್ತಿರದ ಕಂಪನಗಳಲ್ಲಿ ಇವುಗಳ ನಡುವಿನ ಪ್ರತಿ ಸೆಕೆಂಡಿಗೆ ಸುಮಾರು 8 ಕಿ.ಮೀ. ದೂರವೆಂದು ಲೆಕ್ಕ. ನಮ್ಮಲ್ಲಿ 5 ಸೆಕೆಂಡು ಸಿಕ್ಕಿತು, ಅಂದರೆ 40 ಕಿ.ಮೀ. ಆದರೆ ಯಾವ ದಿಕ್ಕಿನಲ್ಲಿ ಎಂಬುದನ್ನು ಆ ಲೆಕ್ಕ ಹೇಳುವುದಿಲ್ಲವಾದ್ದರಿಂದ, ಇನ್ನೆರಡು ಮಾಪನ ಕೇಂದ್ರಗಳ ದಾಖಲೆ ತೆಗೆದುಕೊಂಡು, ಪ್ರತಿ ಕೇಂದ್ರದ ಸುತ್ತ ಅಲ್ಲಿ ಸಿಕ್ಕ ದೂರದ ಅಳತೆಗೆ ಒಂದರಂತೆ ಮೂರು ವೃತ್ತ ಎಳೆದೆವು. ಅವು ಒಂದು ಬಿಂದುವಿನಲ್ಲಿ ಕೂಡದೆ ನಡುವೆ ಪುಟ್ಟ ತ್ರಿಕೋನ ಉಳಿಯಿತು. ಪಿ ಅಲೆಯ ಬಾಲದಲ್ಲಿ ಹುದುಗಿರುವ ಎಸ್ ಅಲೆಯ ಆರಂಭವನ್ನು ಅರ್ಧ ಸೆಕೆಂಡು ಆಚೀಚೆ ಗುರುತಿಸಿದರೂ 4 ಕಿ.ಮೀ. ಜರುಗುತ್ತದೆ.

ಇನ್ನು, ತಾವು ಹೆಚ್ಚಾಗಿ ಆಕ್ಷೇಪಿಸಿದ 0.3ರ ವಿಚಾರ. ಭೂಕಂಪನ ವಿಜ್ಞಾನಿ ರಿಕ್ಟರ್ ಅವರು 1935ರಲ್ಲಿ ರೂಪಿಸಿದ ಮಾಪಕದಲ್ಲಿ ಒಂದು ಅಂಕ ಏರಿದರೆ ಅಲೆಯ ಎತ್ತರ ಹತ್ತು ಪಟ್ಟು, 0.3 ಏರಿದರೆ ಎರಡು ಪಟ್ಟು. ಮೆತ್ತನೆಯ ಮಣ್ಣು ಅಲೆಯನ್ನು ಅಷ್ಟು ಹಿಗ್ಗಿಸಬಲ್ಲದು, ನಮ್ಮ ಯಂತ್ರವಿರುವ ಕೋಣೆ ಅಂಥ ಮಣ್ಣಿನ ಮೇಲೆಯೇ ಇದೆ (ಜಾಗದ ಆಯ್ಕೆ ನಮ್ಮದು, ಅದನ್ನು ಒಪ್ಪುತ್ತೇನೆ). ಅಧಿಕೃತ ಸಂಸ್ಥೆಗಳು ಹಲವು ಮಾಪನ ಕೇಂದ್ರಗಳ ಸರಾಸರಿ ತೆಗೆಯುತ್ತವೆ. ಆ ಸಂಸ್ಥೆಗಳ ಅಂಕಿಗಳ ನಡುವೆಯೂ ಒಂದೆರಡು ದಶಮಾಂಶದ ವ್ಯತ್ಯಾಸ ಸಾಮಾನ್ಯ, ಮೊದಲ ಸ್ವಯಂಚಾಲಿತ ಅಂಕಿಯನ್ನು ತಜ್ಞರು ಬಳಿಕ ತಿದ್ದುವುದೂ ಉಂಟು. ಆದ್ದರಿಂದ ಮತ್ತೊಮ್ಮೆ ವಿನಂತಿಪೂರ್ವಕವಾಗಿ ಹೇಳುತ್ತೇನೆ: ಮಕ್ಕಳ ಅಂಕಿ ಬೇರೆ ಬಂದದ್ದು ತಪ್ಪಲ್ಲ. ಪಕ್ಕದಲ್ಲಿ ‘ಹೆಚ್ಚುಕಡಿಮೆ 0.3’ ಎಂದು ಬರೆಸದೆ ಮನೆಗೆ ಕಳುಹಿಸಿದ್ದು ಮಾತ್ರ ನಮ್ಮ ತಪ್ಪು. ಮುಂದೆ ಅದಿಲ್ಲದ ಯಾವ ಉತ್ತರಕ್ಕೂ ಅಂಕ ಕೊಡಲಾಗುವುದಿಲ್ಲ.

ಮಕ್ಕಳ ಲೆಕ್ಕದ ಅಂಕಿಗಳನ್ನು ದಯವಿಟ್ಟು ಮೊಬೈಲ್ ಗುಂಪುಗಳಿಗೆ ಕಳುಹಿಸಬೇಡಿ.

ಮಾಪನ ಕಾರ್ಯ ಮುಂದುವರಿಯುತ್ತದೆ. ಮೂರು ವೃತ್ತಗಳ ನಕ್ಷೆ ವಿಜ್ಞಾನ ಕೊಠಡಿಯ ಗೋಡೆಯ ಮೇಲಿದೆ. ಶನಿವಾರ ಬಂದರೆ ಮಕ್ಕಳೇ ವಿವರಿಸುತ್ತಾರೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು