ಟಿಕೆಟ್ ಕೌಂಟರಿನಲ್ಲಿ ಒಂದು ಅಳತೆ, ರೋಲರ್ ಕೋಸ್ಟರಿನ ಬಾಗಿಲಲ್ಲಿ ಇನ್ನೊಂದು: ಲಿಖಿತ ದೂರು

ದಾವಣಗೆರೆ
ದಿನಾಂಕ: 26-05-2025

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವೆ ಮತ್ತು ರೈಡ್ ಸುರಕ್ಷತಾ ವಿಭಾಗ

ವಿಷಯ: 17-05-2025ರಂದು ತಮ್ಮ ಮನರಂಜನಾ ಉದ್ಯಾನದಲ್ಲಿ ಎತ್ತರದ ತಪ್ಪು ಅಳತೆಯಿಂದ ಹೆಚ್ಚಿನ ದರ ಪಡೆದಿರುವುದು ಹಾಗೂ ರೋಲರ್ ಕೋಸ್ಟರಿನ ಲಾಕ್ ಪರೀಕ್ಷಿಸದೆ ಬಂಡಿ ಬಿಟ್ಟಿರುವ ಕುರಿತು.

ಮಾನ್ಯರೇ,

ನಾನು ದಾವಣಗೆರೆಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೇನೆ. ಬೇಸಿಗೆ ರಜೆಯಲ್ಲಿ ಬೆಂಗಳೂರು, ಮೈಸೂರು, ಮಡಿಕೇರಿ, ಮಂಗಳೂರು ನೋಡಿಕೊಂಡು ಆಗುಂಬೆ ಘಟ್ಟ ಹತ್ತಿ ಊರಿಗೆ ಮರಳುವ ಕಾರು ಪ್ರವಾಸವನ್ನು ನಮ್ಮ ಕುಟುಂಬ ಕೈಗೊಂಡಿತ್ತು. ಅದರ ನಡುವೆ ಒಂದು ಇಡೀ ದಿನವನ್ನು ತಮ್ಮ ಉದ್ಯಾನಕ್ಕೆಂದೇ ಮೀಸಲಿಟ್ಟಿದ್ದೆವು. ನನ್ನ ಜೊತೆ ಪತ್ನಿ, ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿರುವ ಮಗಳು ಮತ್ತು ಈ ವರ್ಷ ಆರನೆಯ ತರಗತಿಗೆ ಸೇರಲಿರುವ ಮಗ ಇದ್ದರು. ರೋಲರ್ ಕೋಸ್ಟರ್ ಹತ್ತಬೇಕೆಂಬುದು ಮುಖ್ಯವಾಗಿ ಮಗನ ಆಸೆ. ನಮ್ಮ ಮನೆಯ ಅಡುಗೆಮನೆ ಬಾಗಿಲಿನ ಚೌಕಟ್ಟಿನ ಮೇಲೆ ಅವನ ಎತ್ತರದ ಪೆನ್ಸಿಲ್ ಗೆರೆಗಳಿವೆ. ತಮ್ಮ ದೊಡ್ಡ ರೋಲರ್ ಕೋಸ್ಟರಿಗೆ 140 ಸೆಂಟಿಮೀಟರ್ ಎತ್ತರ ಬೇಕೆಂದು ತಿಳಿದ ದಿನದಿಂದ ಅವನು ಆ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲದ ವಾರವಿಲ್ಲ. ಹೊರಡುವ ಹಿಂದಿನ ಸಂಜೆ ನಾನೇ ಅಳೆದಾಗ ಬರಿಗಾಲಲ್ಲಿ 138.5 ಸೆಂಟಿಮೀಟರ್ ಇದ್ದ. "ಈ ವರ್ಷ ದೊಡ್ಡದಕ್ಕೆ ಬಿಡೋದಿಲ್ಲ ಮರಿ, ಬರೋ ವರ್ಷ ನೋಡೋಣ" ಎಂದು ಹೇಳಿ, ಅವನು ಅದಕ್ಕೆ ಒಪ್ಪಿದ ಮೇಲೆಯೇ ನಾವು ಹೊರಟಿದ್ದು.

ಕೌಂಟರಿನಲ್ಲಿ ನಾನು ಮೂರು ದೊಡ್ಡವರ ಟಿಕೆಟ್, ಒಂದು ಮಕ್ಕಳ ಟಿಕೆಟ್ ಕೇಳಿದೆ. ಅಲ್ಲಿದ್ದ ಸಿಬ್ಬಂದಿ ಮಗನನ್ನು ಪಕ್ಕದ ಅಳತೆಯ ಹಲಗೆಗೆ ನಿಲ್ಲಿಸಿ, ಶೂ ಬಿಚ್ಚಿಸದೆಯೇ ನೋಡಿ, 140 ದಾಟಿದ್ದಾನೆ, ದೊಡ್ಡವರ ಟಿಕೆಟ್ಟೇ ಆಗಬೇಕು ಎಂದರು. ಅವನ ಎತ್ತರ ಅಷ್ಟಿಲ್ಲ, ಶೂ ಬಿಚ್ಚಿಸಿ ಇನ್ನೊಮ್ಮೆ ಅಳೆಯಿರಿ ಎಂದು ಎರಡು ಸಲ ವಿನಂತಿಸಿದೆ. ಹಿಂದೆ ಸಾಲು ಬೆಳೆಯುತ್ತಿದೆ, ಬೋರ್ಡು ತೋರಿಸಿದ್ದೇ ಲೆಕ್ಕ ಎಂಬ ಉತ್ತರ ಬಂತು. 1,150 ರೂಪಾಯಿಯ ಬದಲು 1,450 ರೂಪಾಯಿ ಕೊಟ್ಟು ಟಿಕೆಟ್ ಪಡೆದೆ. ಆ ಹೊತ್ತಿಗೆ ನನಗೆ ಮುನ್ನೂರು ರೂಪಾಯಿಯ ಚಿಂತೆ ಇರಲಿಲ್ಲ. ಅಪ್ಪ ಅಳೆದದ್ದೇ ತಪ್ಪಿರಬೇಕು, ತಾನು ದೊಡ್ಡ ರೋಲರ್ ಕೋಸ್ಟರ್ ಹತ್ತಬಹುದು ಎಂದು ಮಗ ಕುಣಿದಾಡಿಬಿಟ್ಟಿದ್ದ. ತಮ್ಮ ಸಂಸ್ಥೆಯೇ ಅವನ ಕೈಗೆ ದೊಡ್ಡವರ ಪಟ್ಟಿ ಕಟ್ಟಿದ ಮೇಲೆ ಇಲ್ಲವೆನ್ನಲು ನನಗೂ ಬಾಯಿ ಬರಲಿಲ್ಲ.

ಆ ರೈಡಿನ ಸರದಿಯಲ್ಲಿ ನಾವು ಒಂದು ಗಂಟೆ ಹತ್ತು ನಿಮಿಷ ನಿಂತೆವು. ಬಾಗಿಲಲ್ಲಿದ್ದ ಯುವತಿ ಮಗನ ಶೂ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ಅಡ್ಡಪಟ್ಟಿ ಇಟ್ಟು ಅಳೆದರು. ಗೆರೆ ಮುಟ್ಟಲಿಲ್ಲ. ಕೈಪಟ್ಟಿ ತೋರಿಸಿದರೂ ಅವರು ಬಿಡಲಿಲ್ಲ. ಮಗುವಿನ ಮುಂದೆ ಕೂತು, ಯಾಕೆ ಬಿಡಲಾಗದು ಎಂದು ಸಮಾಧಾನದಿಂದ ವಿವರಿಸಿದರು. ಆ ಯುವತಿಯ ಬಗ್ಗೆ ನನ್ನ ದೂರು ಎಳ್ಳಷ್ಟೂ ಇಲ್ಲ. ಅವರು ಮಾಡಿದ್ದೇ ಸರಿ, ಅವರ ಕೆಲಸವನ್ನು ತಾವು ಮೆಚ್ಚಿ ಬರೆದು ತಿಳಿಸಬೇಕೆಂಬುದು ನನ್ನ ಕೋರಿಕೆ. ಆದರೆ ಒಂದೇ ಉದ್ಯಾನದಲ್ಲಿ, ಒಂದೇ ಬೆಳಗ್ಗೆ, ಒಬ್ಬನೇ ಹುಡುಗ ಹಣ ಕೊಡುವಾಗ ದೊಡ್ಡವನೂ ರೈಡ್ ಹತ್ತುವಾಗ ಚಿಕ್ಕವನೂ ಆಗುವುದು ಹೇಗೆ? ಅವನು ಅಳಲಿಲ್ಲ. ಶೂ ಲೇಸನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತ ಬಹಳ ಹೊತ್ತು ತಲೆ ತಗ್ಗಿಸಿ ಕೂತಿದ್ದ.

ಉದ್ದ ಜಿಗಿತ ಅಳೆಯುವ ಸ್ಟೀಲ್ ಟೇಪು ಸದಾ ನನ್ನ ಕಾರಿನಲ್ಲಿರುತ್ತದೆ. ಮಧ್ಯಾಹ್ನ ಅದನ್ನು ತಂದು, ಕಾವಲು ಸಿಬ್ಬಂದಿಯ ಎದುರಿನಲ್ಲೇ ಕೌಂಟರಿನ ಹಲಗೆಯನ್ನು ಅಳೆದೆ. ನೆಲದಿಂದ 140ರ ಗೆರೆಗೆ ಇದ್ದದ್ದು 137.8 ಸೆಂಟಿಮೀಟರ್. ಕಾರಣ ಬರಿಗಣ್ಣಿಗೇ ಕಾಣುವಂತಿದೆ: ಹಲಗೆಯನ್ನು ನಿಲ್ಲಿಸಿದ ಮೇಲೆ ಅದರ ಮುಂದಿನ ನೆಲಕ್ಕೆ ಹೊಸ ಟೈಲ್ಸ್ ಹಾಕಲಾಗಿದ್ದು, ಹಲಗೆಯ ಬುಡ ಟೈಲ್ಸಿನ ಕೆಳಗೆ ಹೂತುಹೋಗಿದೆ. ಟೈಲ್ಸಿನ ದಪ್ಪ ಮತ್ತು ಅದರಡಿಯ ಸಿಮೆಂಟಿನ ದಪ್ಪವನ್ನು ಅಲ್ಲಿ ನಿಂತ ಪ್ರತಿ ಮಗುವಿನ ಎತ್ತರಕ್ಕೆ ಸೇರಿಸಿ ಹಣ ಪಡೆಯಲಾಗುತ್ತಿದೆ. ಯಾರೋ ಬೇಕೆಂದೇ ಹೀಗೆ ಮಾಡಿದ್ದಾರೆ ಎಂದು ನಾನು ಆರೋಪಿಸುತ್ತಿಲ್ಲ. ಆದರೆ ಕಿರಾಣಿ ಅಂಗಡಿಯ ತಕ್ಕಡಿಗೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕಾಗಿರುವ ನಾಡಿನಲ್ಲಿ, ಬೆಲೆ ನಿರ್ಧರಿಸುವ ಅಳತೆಯ ಹಲಗೆಯೊಂದನ್ನು ನೆಲ ಎತ್ತರಿಸಿದ ಮೇಲೆ ಒಮ್ಮೆಯೂ ಟೇಪು ಹಿಡಿದು ನೋಡದಿರುವುದು ಸಣ್ಣ ಅಲಕ್ಷ್ಯವಲ್ಲ.

ಎತ್ತರದ ನಿಯಮವನ್ನು ಸಡಿಲಿಸಿ ಎಂದು ನಾನು ಕೇಳುತ್ತಿದ್ದೇನೆಂದು ದಯವಿಟ್ಟು ತಿಳಿಯಬಾರದು. ನಿಯಮದ ಹಿಂದಿನ ಕಾರಣವನ್ನು ಮಗಳು ಅಂದು ಸರದಿಯಲ್ಲಿ ನಿಂತೇ ತಮ್ಮನಿಗೆ ಬಿಡಿಸಿ ಹೇಳಿದ್ದಳು. ಏರಿನ ನೆತ್ತಿ ದಾಟಿ ಬಂಡಿ ಕೆಳಕ್ಕೆ ತಿರುಗಿದರೂ ಕೂತವರ ದೇಹ ಅದೇ ವೇಗದಲ್ಲಿ ಮೇಲಕ್ಕೇ ಹೋಗಲು ನೋಡುತ್ತದೆ. ಬಂಡಿಯನ್ನು ಹಳಿ ಬಿಡದಂತೆ ಹಿಡಿಯಲು ಹಳಿಯ ಅಡಿಭಾಗಕ್ಕೆ ತಾಗಿಕೊಂಡ ಚಕ್ರಗಳಿವೆ, ಅಮೆರಿಕದ ಜಾನ್ ಮಿಲ್ಲರ್ 1919ರಲ್ಲಿ ಪೇಟೆಂಟ್ ಪಡೆದ ವ್ಯವಸ್ಥೆ ಅದು. ಆದರೆ ಕೂತ ಮನುಷ್ಯನನ್ನು ಆಸನ ಬಿಡದಂತೆ ಹಿಡಿಯುವುದು ಮೈಮೇಲೆ ಬಂದು ಕೂರುವ ಲಾಕ್ ಮಾತ್ರ. ಅದು ಮೈಗೆ ಸರಿಯಾಗಿ ಒಪ್ಪದಷ್ಟು ಚಿಕ್ಕ ಮಕ್ಕಳನ್ನು ಹತ್ತಿಸಬಾರದು ಎಂಬುದಕ್ಕಾಗಿಯೇ ಆ ಗೆರೆ ಇರುವುದು. ಆದುದರಿಂದಲೇ ಮುಂದಿನ ಘಟನೆ ನನಗೆ ಹಣದ ವಿಷಯಕ್ಕಿಂತ ಹೆಚ್ಚು ಗಂಭೀರವಾಗಿ ಕಾಣುತ್ತದೆ.

ಮಗನ ಸಮಾಧಾನಕ್ಕೆಂದು ಸಂಜೆ ನಾಲ್ಕರ ಸುಮಾರಿಗೆ ಅವನನ್ನು 120 ಸೆಂಟಿಮೀಟರ್ ಮಿತಿಯ ಚಿಕ್ಕ ರೋಲರ್ ಕೋಸ್ಟರಿಗೆ ಕರೆದೊಯ್ದೆ. ನಮಗೆ ಸಿಕ್ಕಿದ್ದು ಕೊನೆಯ ಸಾಲು. ಅಲ್ಲಿ ಇಬ್ಬರಿಗೂ ಸೇರಿ ತೊಡೆಯ ಮೇಲೆ ಬರುವ ಅಡ್ಡಸರಳು ಒಂದೇ. ಸರಳು ಇಳಿದು ನನ್ನ ತೊಡೆಗೆ ತಾಗಿ ನಿಂತಿತು. ಮಗನ ತೊಡೆಗೂ ಸರಳಿಗೂ ನಡುವೆ ನನ್ನ ನಾಲ್ಕು ಬೆರಳು ಸಲೀಸಾಗಿ ಆಡುವಷ್ಟು ಸಂದು ಉಳಿಯಿತು. ಸಿಬ್ಬಂದಿ ಮುಂದಿನ ಮೂರು ಸಾಲುಗಳ ಸರಳನ್ನು ಒತ್ತಿ, ಎಳೆದು ನೋಡಿದವರು ನಮ್ಮವರೆಗೆ ಬರಲೇ ಇಲ್ಲ. ದೂರದಿಂದಲೇ ಹೆಬ್ಬೆರಳು ಎತ್ತಿ ಸನ್ನೆ ಮಾಡಿದರು, ಬಂಡಿ ಹೊರಟಿತು. ನಾನು ಕೂಗಿದ್ದು ಹಾಡಿನ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ. ಸರಪಳಿ ಬಂಡಿಯನ್ನು ಏರಿಗೆ ಎಳೆಯುತ್ತಿದ್ದಾಗ ಎರಡೂ ಕೈಯಿಂದ ಸರಳನ್ನು ಒತ್ತಿದೆ. ಇನ್ನೊಂದೇ ಹಲ್ಲು ಕೆಳಗಿಳಿಯಿತು, ಸಂದು ಪೂರ್ತಿ ಮುಚ್ಚಲಿಲ್ಲ. ಇಳಿದು ಮುಗಿಯುವವರೆಗೆ ಮಗನ ಎದೆಗೆ ನನ್ನ ಎಡಗೈ ಅಡ್ಡ ಹಿಡಿದೇ ಕೂತಿದ್ದೆ. ಪ್ರತಿ ನೆತ್ತಿಯಲ್ಲೂ ಅವನು ಆಸನದಿಂದ ಮೇಲೇಳುವುದು ಕೈಗೆ ಗೊತ್ತಾಗುತ್ತಿತ್ತು.

ಕಳೆದ ತಿಂಗಳಷ್ಟೇ ದೆಹಲಿಯ ಉದ್ಯಾನವೊಂದರಲ್ಲಿ ಯುವತಿಯೊಬ್ಬರು ರೋಲರ್ ಕೋಸ್ಟರಿನಿಂದ ಬಿದ್ದು ಮೃತಪಟ್ಟ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿ 2019ರ ಜುಲೈನಲ್ಲಿ ತೂಗುವ ರೈಡೊಂದು ಮುರಿದು ಇಬ್ಬರು ಸತ್ತದ್ದೂ ಮರೆತುಹೋಗುವಂಥದ್ದಲ್ಲ. ಅವುಗಳ ಕಾರಣಗಳು ಬೇರೆ, ಅವನ್ನು ತಮ್ಮ ತಲೆಗೆ ಕಟ್ಟುವುದು ನನ್ನ ಉದ್ದೇಶವಲ್ಲ. ಇಂಥ ಸುದ್ದಿಗಳ ನಡುವೆಯೂ ಕೊನೆಯ ಸಾಲಿನವರೆಗೆ ನಾಲ್ಕು ಹೆಜ್ಜೆ ನಡೆಯದೆ ಬಂಡಿ ಬಿಡಲಾಗುತ್ತಿದೆಯಲ್ಲ ಎಂಬುದೇ ನನ್ನ ಸಂಕಟ.

ಅಂದೇ ಸಂಜೆ ವಿಚಾರಣಾ ಕೊಠಡಿಯಲ್ಲಿ ಎರಡೂ ವಿಷಯ ತಿಳಿಸಿದೆ. ದೂರು ಪುಸ್ತಕ ಇಲ್ಲ, ಇಮೇಲ್ ಮಾಡಿ ಎಂದರು. ರಾತ್ರಿ ತಂಗಿದ್ದಲ್ಲಿಂದಲೇ ಫೋಟೋಗಳೊಂದಿಗೆ ಇಮೇಲ್ ಕಳಿಸಿದೆ. ನಾಲ್ಕನೆಯ ದಿನ ಬಂದ ಉತ್ತರದಲ್ಲಿ ಹಲಗೆಯ ಬಗ್ಗೆಯಾಗಲಿ ಸರಳಿನ ಬಗ್ಗೆಯಾಗಲಿ ಒಂದು ಮಾತೂ ಇರಲಿಲ್ಲ, ಮುಂದಿನ ಭೇಟಿಗೆ ಶೇ 10 ರಿಯಾಯಿತಿಯ ಕೂಪನ್ ಇತ್ತು. ಅದನ್ನು ನಾನು ಬಳಸುವುದಿಲ್ಲ.

ಹೆಚ್ಚುವರಿಯಾಗಿ ಪಡೆದ 300 ರೂಪಾಯಿಯನ್ನು ಮರಳಿಸಬೇಕು. ಅದಕ್ಕೂ ಮೊದಲು ಆ ಹಲಗೆಯನ್ನು ಕಿತ್ತು, ಈಗಿನ ನೆಲದಿಂದ ಅಳೆದು ಮತ್ತೆ ನಿಲ್ಲಿಸಿ, ಮಕ್ಕಳನ್ನು ಬರಿಗಾಲಲ್ಲೇ ಅಳೆದು, ಆ ಅಳತೆಯನ್ನು ಕೈಪಟ್ಟಿಯ ಮೇಲೆ ಬರೆದುಕೊಡುವ ವ್ಯವಸ್ಥೆಯಾಗಬೇಕು. ಆಗ ಗಂಟೆಗಟ್ಟಲೆ ಸರದಿಯಲ್ಲಿ ನಿಂತ ಮೇಲೆ ಯಾವ ಮಗುವಿಗೂ ಹೀಗಾಗದು. ಚಿಕ್ಕ ರೋಲರ್ ಕೋಸ್ಟರಿನಲ್ಲಿ ದೊಡ್ಡವರನ್ನೂ ಮಕ್ಕಳನ್ನೂ ಒಂದೇ ಸರಳಿನಡಿ ಕೂರಿಸಬಹುದೇ ಎಂಬ ಬಗ್ಗೆ ರೈಡ್ ತಯಾರಕರ ಸೂಚನೆ ಏನೆಂಬುದನ್ನು ನನಗೆ ಲಿಖಿತವಾಗಿ ತಿಳಿಸಬೇಕು, ಮತ್ತು ಪ್ರತಿ ಸಾಲಿನ ಸರಳನ್ನು ಕೈಯಿಂದ ಎಳೆದು ನೋಡದೆ ಬಂಡಿ ಬಿಡಕೂಡದೆಂಬ ಆದೇಶ ಸಿಬ್ಬಂದಿಗೆ ಹೋಗಬೇಕು.

ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಸಮರ್ಪಕ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದಾದ್ದರಿಂದ, ದಾವಣಗೆರೆ ಜಿಲ್ಲಾ ಗ್ರಾಹಕ ಆಯೋಗದ ಮುಂದೆಯೂ ಹೋಗುತ್ತೇನೆ. ಟಿಕೆಟ್ಟಿನ ಪ್ರತಿ, ಹಲಗೆಗೆ ಟೇಪು ಹಿಡಿದು ತೆಗೆದ ಮೂರು ಫೋಟೋ ಹಾಗೂ ಇಮೇಲಿನ ಪ್ರತಿಯನ್ನು ಲಗತ್ತಿಸಿದ್ದೇನೆ. ಶಾಲೆಗಳು ಇನ್ನು ಮೂರು ದಿನಕ್ಕೆ ತೆರೆಯುತ್ತವೆ. ಮುಂದೆ ಶಾಲಾ ಪ್ರವಾಸದ ಮಕ್ಕಳು ತಮ್ಮಲ್ಲಿಗೆ ಬಸ್ಸುಗಟ್ಟಲೆ ಬರುವ ಮೊದಲೇ ಆ ಸರಳಿನ ವಿಷಯ ಇತ್ಯರ್ಥವಾಗಲಿ ಎಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)
ದೈಹಿಕ ಶಿಕ್ಷಣ ಶಿಕ್ಷಕ, ದಾವಣಗೆರೆ