ನವೆಂಬರ್ 11: ಮನೆಯ ಹಳೆಯ ಪೆಟ್ಟಿಗೆಗಳನ್ನು ಒಮ್ಮೆ ತೆರೆಯಿರಿ

ಬಳಗದ ಎಲ್ಲರಿಗೂ ಶರಣು.

ಮೊದಲ ಮಹಾಯುದ್ಧ ನಿಂತದ್ದು 1918ರ ನವೆಂಬರ್ 11ರಂದು. ಈ ಸಲ ಅದೇ ದಿನ ಬೆಳಿಗ್ಗೆ 10.30ಕ್ಕೆ ಹುಮನಾಬಾದಿನ ಗ್ರಂಥಾಲಯದ ಅಂಗಳದಲ್ಲಿ ಸೇರೋಣ. 11ಕ್ಕೆ ಎರಡು ನಿಮಿಷ ಮೌನ. ಭಾಷಣ ಬೇಡವೆಂದು ಕಳೆದ ಸಭೆಯಲ್ಲೇ ತೀರ್ಮಾನವಾಗಿದೆ. ದಯವಿಟ್ಟು ಯಾರೂ ಹಾಳೆ ಬರೆದುಕೊಂಡು ಬರಬೇಡಿ.

“ನಮ್ಮ ಕಡೆಗೂ ಆ ಯುದ್ಧಕ್ಕೂ ಏನು ಸಂಬಂಧ?” ಎಂದು ಕೆಲವರು ಕೇಳಿದ್ದೀರಿ. ಆಗ ಬೀದರ್ ನಿಜಾಮರ ಸಂಸ್ಥಾನದಲ್ಲಿತ್ತು. ಹೈದರಾಬಾದಿನ ಲ್ಯಾನ್ಸರ್ (ಈಟಿ ಹಿಡಿದ ಸವಾರರ) ಅಶ್ವದಳ ಮೈಸೂರು, ಜೋಧಪುರದ ದಳಗಳ ಜೊತೆ ಈಜಿಪ್ಟ್, ಪ್ಯಾಲೆಸ್ಟೈನ್‌ಗಳಲ್ಲಿ ಸೇವೆ ಸಲ್ಲಿಸಿತು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಸವಾರರವೇ.

ಹೆಸರುಗಳನ್ನು ಮಾತ್ರ ನಮ್ಮ ಮನೆಗಳಿಂದಲೇ ಕೂಡಿಸಬೇಕು. ಅಜ್ಜ, ಮುತ್ತಜ್ಜ ಯಾರಾದರೂ ದಂಡಿಗೆ ಹೋಗಿ ಮರಳದಿದ್ದರೆ ಅವರ ಹೆಸರು, ತಂದೆಯ ಹೆಸರು, ಊರು ಬರೆದು ನವೆಂಬರ್ 5ರೊಳಗೆ ಇಲ್ಲೇ ಹಾಕಿ. ಯುದ್ಧದಲ್ಲಿ ಮಡಿದವರ ದಾಖಲೆ ಇಟ್ಟಿರುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ (CWGC) ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು, ಆದರೆ ಅಂದಿನ ಇಂಗ್ಲಿಷ್ ಕಾಗುಣಿತ ವಿಚಿತ್ರ; ನಾಲ್ಕಾರು ರೀತಿ ಬರೆದು ನೋಡಿ.

ಪದಕ ಸಿಕ್ಕರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ! ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು, ದಳ ಕೆತ್ತಿರುತ್ತದೆ, ಅದೇ ಸವೆದುಹೋಗುತ್ತದೆ. ಅಂಚಿನ ಫೋಟೊ ತೆಗೆದು ಕಳುಹಿಸಿದರೆ ಸಾಕು. ಉರ್ದು ಕಾಗದಗಳಿದ್ದರೆ ತನ್ನಿ. ಓದಬಲ್ಲ ಹಿರಿಯರು ಅಂದು ಬರುತ್ತಾರೆ.

ಚಹಾ, ಸುಸಲಾ ವ್ಯವಸ್ಥೆ ಇದೆ. ಎಷ್ಟು ಜನ ಬರುತ್ತೀರೆಂದು ಸಂಖ್ಯೆ ತಿಳಿಸಿ, ಬರೀ ಕೈಮುಗಿದ ಚಿತ್ರ ಹಾಕಬೇಡಿ.